ನಡುರಾತ್ರಿಯ ಅಜ್ಜಿಮನೆ

ಬೇಸಿಗೆ ರಜೆ ಬಂದೊಡನೆ ಅಜ್ಜಿಮನೆಗೆ ಹೊರಡುವುದು ಒಂದು ಕಾಲಕ್ಕೆ ಒಂದು ಬಸ್ಸಿನ ಟಿಕೆಟ್ಟಿಗೆ ಮುಗಿಯುತ್ತಿದ್ದ ಸಂಗತಿ. ಅಮೆರಿಕದಲ್ಲಿ ನೆಲೆಸಿರುವ ನಮ್ಮಂಥ ಕನ್ನಡ ಕುಟುಂಬಗಳಿಗೆ ಅದು ಎರಡು ಮೂರು ವರ್ಷ ಹಣವನ್ನೂ ರಜೆಯನ್ನೂ ಕೂಡಿಟ್ಟು ಕೈಗೊಳ್ಳುವ ವಿದೇಶ ಪ್ರವಾಸ. ಹುಟ್ಟಿದೂರಿಗೆ ಮರಳುವುದು ಹೇಗೆ ವಿದೇಶ ಪ್ರವಾಸವಾದೀತು ಎಂದು ಕೇಳಬಹುದು. ನಮಗಲ್ಲದಿದ್ದರೂ ನಮ್ಮ ಮಕ್ಕಳಿಗೆ ಅದು ಕಾನೂನಿನ ಕಣ್ಣಲ್ಲೂ ವಿದೇಶವೇ. ಅಲ್ಲಿ ಹುಟ್ಟಿದ ಮಗು ಅಲ್ಲಿನ ಪ್ರಜೆ. ಅಜ್ಜಿಯನ್ನು ನೋಡಲು ಅದಕ್ಕೆ ವೀಸಾ ಬೇಕು, ಇಲ್ಲವೇ 2005ರಲ್ಲಿ ಜಾರಿಗೆ ಬಂದ ಒಸಿಐ ಕಾರ್ಡು ಬೇಕು. ಆ ಕಾರ್ಡು ಕೈಯಲ್ಲಿದ್ದರೆ ಎಷ್ಟು ಸಲ ಬೇಕಾದರೂ ಬಂದು ಹೋಗಬಹುದು. ಆದರೆ ಮತದಾನದ ಹಕ್ಕಿಲ್ಲ, ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ. ಅಜ್ಜನ ಅಡಿಕೆ ತೋಟದಲ್ಲಿ ಮೊಮ್ಮಗ ಮನಸಾರೆ ಓಡಾಡಬಹುದು, ಅಂಥದೊಂದು ತೋಟವನ್ನು ಖರೀದಿಸಲು ಮಾತ್ರ ಆಗದು.

2024ರ ಜುಲೈನಲ್ಲಿ ಒಂಬತ್ತು ವರ್ಷದ ಮಗಳನ್ನೂ ನಾಲ್ಕು ವರ್ಷದ ಮಗನನ್ನೂ ಕರೆದುಕೊಂಡು ನಾವು ನ್ಯೂಜೆರ್ಸಿಯಿಂದ ತೀರ್ಥಹಳ್ಳಿಯ ಸಮೀಪದ ನಮ್ಮ ಮನೆಗೆ ಬಂದೆವು. ಜುಲೈಯೇ ಏಕೆಂದರೆ ಅಲ್ಲಿನ ಶಾಲೆಗಳಿಗೆ ರಜೆ ಆರಂಭವಾಗುವುದು ಜೂನ್ ಉತ್ತರಾರ್ಧದಲ್ಲಿ. ಅಷ್ಟರಲ್ಲಿ ಕರ್ನಾಟಕದ ಶಾಲೆಗಳು ಬಾಗಿಲು ತೆರೆದಿರುತ್ತವೆ, ಮಾವು ಮುಗಿದಿರುತ್ತದೆ, ಮಲೆನಾಡಿನಲ್ಲಿ ಮಳೆ ಹಿಡಿದಿರುತ್ತದೆ. ಅಣ್ಣನ ಮಕ್ಕಳು ಬೆಳಿಗ್ಗೆ ಸಮವಸ್ತ್ರ ತೊಟ್ಟು ಹೊರಟರೆ ಮರಳುವುದು ಸಂಜೆಗೆ. ಎರಡು ದೇಶಗಳ ರಜೆಗಳು ಹೀಗೆ ಒಂದನ್ನೊಂದು ತಪ್ಪಿಸಿಕೊಂಡು ಓಡಾಡುತ್ತವೆ. ಹಾಗಾಗಿ ನೆಂಟರ ಮಕ್ಕಳು ಒಟ್ಟಿಗೆ ಆಡಬೇಕಾದರೆ, ಮಳೆಯ ಕಾರಣಕ್ಕೆ ಶಾಲೆಗೆ ರಜೆ ಸಾರಬೇಕಾಗುತ್ತದೆ!

'ನಾಲ್ಕು ವರ್ಷದ ಹುಡುಗನಿಗೆ ಏನು ನೆನಪಿರುತ್ತದೆ? ಇಷ್ಟು ಖರ್ಚು ಮಾಡಿ ಏಕೆ ಹೋಗುತ್ತೀರಿ? ವಾರಕ್ಕೊಮ್ಮೆ ವೀಡಿಯೊದಲ್ಲಿ ನೋಡುತ್ತಾರಲ್ಲ' ಎಂದು ಹಿತೈಷಿಗಳು ಕೇಳಿದ್ದರು. ಉತ್ತರ ನನ್ನಲ್ಲೂ ಇರಲಿಲ್ಲ. ನನ್ನ ತಾಯಿಗೆ ಆಗ ಎಪ್ಪತ್ತೆಂಟು. ನೆನಪು ಅಲ್ಲಲ್ಲಿ ಸವೆಯತೊಡಗಿತ್ತು. ಮೊಮ್ಮಗನಿಗಿಂತ ಅವರಿಗೇ ಈ ಭೇಟಿ ನೆನಪಿರುವುದೇ ಎಂಬ ಅಳುಕು ನನ್ನದಾಗಿತ್ತು. ಅದನ್ನು ಯಾರಲ್ಲೂ ಹೇಳಿಕೊಂಡಿರಲಿಲ್ಲ.

ಮೊದಲ ದಿನ ಮಗ ಅಜ್ಜಿಯ ಹತ್ತಿರ ಸುಳಿಯಲಿಲ್ಲ. ಅವನ ಪಾಲಿಗೆ ಅಜ್ಜಿಯೆಂದರೆ ಫೋನಿನ ಅಂಗೈಯಗಲದ ಮುಖ. ಈ ಅಜ್ಜಿಗೆ ಕೈಗಳಿದ್ದವು, ಹೊಗೆಯ ವಾಸನೆಯಿತ್ತು. ಆ ರಾತ್ರಿ ಎರಡೂವರೆಗೆ ಅವನಿಗೆ ಪೂರ್ತಿ ಎಚ್ಚರವಾಯಿತು. ಎಚ್ಚರವಾಗದೆ ಏನು? ನ್ಯೂಜೆರ್ಸಿಯಲ್ಲಿ ಆಗ ಸಂಜೆ ಐದು ಗಂಟೆ, ಆಟದ ಹೊತ್ತು. ಬೇಸಿಗೆಯಲ್ಲಿ ಎರಡೂ ಊರುಗಳ ನಡುವೆ ಒಂಬತ್ತೂವರೆ ತಾಸಿನ ಅಂತರ. ಅದನ್ನು ವಿಮಾನ ಒಂದೇ ದಿನದಲ್ಲಿ ದಾಟಿದರೂ ದೇಹ ದಾಟಲು ಒಂದು ವಾರವಾದರೂ ಬೇಕು. ಮನೆಯವರ ನಿದ್ದೆ ಕೆಡಬಾರದೆಂದು ಅವನನ್ನು ಎತ್ತಿಕೊಂಡು ಹಿತ್ತಿಲ ಕಡೆಗೆ ಹೋದರೆ, ಬಚ್ಚಲೊಲೆಯ ಮುಂದೆ ಅಮ್ಮ ಕುಳಿತಿದ್ದರು. ವಯಸ್ಸಾದವರಿಗೆ ನಿದ್ದೆ ಕಡಿಮೆ. 'ಇವನಿಗೂ ನಿದ್ದೆ ಇಲ್ಲವಾ? ಇಲ್ಲಿ ಕೂರಿಸು' ಎಂದರು. ಕೆಂಡದ ಮೇಲೆ ಹಲಸಿನ ಹಪ್ಪಳ ಸುಟ್ಟು ಕೊಟ್ಟರು. ಹೊರಗೆ ಮಳೆ. ಮುಂದಿನ ಐದು ರಾತ್ರಿಯೂ ಅದೇ ಹೊತ್ತಿಗೆ ಅವರಿಬ್ಬರ ಸಭೆ ಸೇರಿತು. ನನ್ನ ಅಗತ್ಯ ಮೂರನೆಯ ರಾತ್ರಿಯೇ ತೀರಿತು. ಅಜ್ಜಿ ಹೇಳಿದ್ದು ಅವನಿಗೆ ಎಷ್ಟು ತಿಳಿಯಿತೋ ಕಾಣೆ. 'ಇನ್ನೊಂದು' ಎಂಬ ಕನ್ನಡ ಪದವನ್ನಂತೂ ಅಲ್ಲಿಯೇ ಕಲಿತ.

ನಾವು ಯೋಜಿಸಿದ್ದ ಆಗುಂಬೆ, ಕವಲೇದುರ್ಗದ ಪ್ರವಾಸಗಳೆಲ್ಲ ಮಳೆಗೆ ಬಿದ್ದುಹೋದವು. ಯೋಜಿಸದೆ ಬಂದ ನಿದ್ರಾಹೀನತೆಯೇ ಕೆಲಸಕ್ಕೆ ಬಂತು.

ಹಾಗೆಂದು ಎಲ್ಲವನ್ನೂ ಅದೃಷ್ಟಕ್ಕೆ ಬಿಡಲಾಗದು. ನೆಂಟರಿಷ್ಟರನ್ನು ಕಾಣಲು ಹೋಗುವವರನ್ನು ಪ್ರವಾಸ ವೈದ್ಯಶಾಸ್ತ್ರ ಪ್ರತ್ಯೇಕ ವರ್ಗವಾಗಿಯೇ ಪರಿಗಣಿಸುತ್ತದೆ. 'ನಮ್ಮ ಊರು ತಾನೇ' ಎಂಬ ಧೈರ್ಯದಲ್ಲಿ ಇವರು ವೈದ್ಯರ ಬಳಿಗೆ ಹೋಗುವುದು ಕಡಿಮೆ. ಉಳಿಯುವುದು ಹೆಚ್ಚು ದಿನ. ಊರು ನಮ್ಮದು, ಆದರೆ ಅಲ್ಲಿ ಬೆಳೆದ ಮಗುವಿಗೆ ಇಲ್ಲಿನ ನೀರು ಹೊಸದು. ಹೊರಡುವುದಕ್ಕೆ ಒಂದು ತಿಂಗಳಾದರೂ ಮುಂಚೆ ಟೈಫಾಯ್ಡ್, ಹೆಪಟೈಟಿಸ್-ಎ ಲಸಿಕೆಗಳ ಬಗ್ಗೆ ವಿಚಾರಿಸುವುದು, ಕುದಿಸಿ ಆರಿಸಿದ ನೀರನ್ನೇ ಕೊಡುವುದು ಅವಮಾನದ ಸಂಗತಿಯಲ್ಲ. ವಿಮಾನ ಇಳಿಯುವಾಗ ಮಗುವಿಗೆ ಏನಾದರೂ ಕುಡಿಸುತ್ತಿದ್ದರೆ, ನುಂಗುವ ಕ್ರಿಯೆಯಿಂದ ಕಿವಿನೋವು ತಗ್ಗುತ್ತದೆ.

ಇಲ್ಲಿರುವ ಬಂಧುಗಳಲ್ಲೂ ಒಂದು ವಿನಂತಿ. ಬಂದ ಮಕ್ಕಳನ್ನು ಮೂರು ವಾರದಲ್ಲಿ ಇಪ್ಪತ್ತು ಮನೆಗಳಿಗೆ ತಿರುಗಿಸಬೇಡಿ. 'ಕನ್ನಡ ಬರುತ್ತದಾ? ಎಲ್ಲಿ, ಮಾತಾಡು' ಎಂದು ಹತ್ತು ಜನರ ಮುಂದೆ ಪರೀಕ್ಷಿಸಬೇಡಿ. ನನ್ನ ಮಗಳು ಅಂಥದೊಂದು ಸಭೆಯಲ್ಲಿ ತಲೆ ತಗ್ಗಿಸಿದವಳು ಎರಡು ದಿನ ಬಾಯಿ ತೆರೆಯಲಿಲ್ಲ. ಅವಳಿಗೆ ಭಾಷೆ ಬಾರದಿದ್ದರೆ ತಪ್ಪು ಮನೆಯಲ್ಲಿ ಆಡದ ನಮ್ಮದು. ಅದೇ ಹುಡುಗಿ ದೊಡ್ಡಮ್ಮನೊಡನೆ ಪತ್ರೊಡೆಗೆ ಕೆಸುವಿನೆಲೆ ಆಯುತ್ತಾ, ಯಾರೂ ಕೇಳದೆ ಮಾತಾಡತೊಡಗಿದಳು.

ಹೊರಡುವ ವಾರದಲ್ಲಿ ಅಮ್ಮ ಮೊಮ್ಮಗನನ್ನು ನನ್ನ ಹೆಸರಿನಿಂದ ಕರೆಯತೊಡಗಿದರು. ಮೊದಲ ಸಲ ತಿದ್ದಿದೆ. ಎರಡನೆಯ ಸಲವೂ ತಿದ್ದಲು ಹೋದಾಗ, ಕರೆದದ್ದಕ್ಕೆ ಅವನಾಗಲೇ 'ಆಂ' ಎಂದು ಓಗೊಟ್ಟು ಅಜ್ಜಿಯತ್ತ ಓಡಿದ್ದ. ನಾನು ಸುಮ್ಮನಾದೆ.

ಅವನಿಗೆ ಇದೆಲ್ಲ ನೆನಪಿರಲಾರದು. ಬಹುಶಃ ಅಮ್ಮನಿಗೂ ಇಲ್ಲ. ನೆನಪಿಟ್ಟುಕೊಳ್ಳುವ ಕೆಲಸಕ್ಕೆ ನಡುವೆ ನಾವಿದ್ದೇವೆ. ಮುಂದಿನ ಪಯಣಕ್ಕೆ ಹಣ ಕೂಡಿಡಲು ಮತ್ತೆ ಆರಂಭಿಸಿದ್ದೇವೆ. ಈ ಸಲ ಎರಡು ವರ್ಷ ಕಾಯುವಂತಿಲ್ಲ.