ಕಲ್ಲು ಓದುವವರಿಗೊಂದು ಪದವಿ

ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ 1058ರ ಶಾಸನವೊಂದಿದೆ. ಚಾಲುಕ್ಯ ಒಂದನೇ ಸೋಮೇಶ್ವರನ ದಂಡನಾಯಕ ಮಧುಸೂದನ ಅಲ್ಲಿನ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರಕ್ಕೆ ಬಿಟ್ಟ ದತ್ತಿಯ ವಿವರ ಅದು. 200ಕ್ಕೂ ಹೆಚ್ಚು ವಿದ್ಯಾರ್ಥಿಗಳು, ಅವರಿಗೆ ಪಾಠ ಹೇಳುವವರು, ಜೊತೆಗೆ 6 ಮಂದಿ ‘ಸರಸ್ವತಿ ಭಂಡಾರಿಗರು’. ಗ್ರಂಥ ಕಾಯುವವರಿಗೂ ಜೀವಿತ ಕೊಡಬೇಕೆಂದು ಈ ನೆಲ ಅಂದೇ ಒಪ್ಪಿತ್ತು. ಕಲಾ ಇತಿಹಾಸ, ವಸ್ತುಸಂಗ್ರಹಾಲಯ ಶಾಸ್ತ್ರಗಳಲ್ಲಿ ಎಂ.ಎ. ಮಾಡಿದರೆ ಹೊಟ್ಟೆ ತುಂಬೀತೇ ಎಂದು ಅನುಮಾನಿಸುವ ಕಾಳಗಿ, ಸೇಡಂ ಕಡೆಯ ತಂದೆತಾಯಿಗಳಿಗೆ ನಾನು ಮೊದಲು ಹೇಳುವುದು ಈ ಆರು ಜನರ ಸಂಗತಿ.

ಇಂಥ ಓದು ಬಲ್ಲವರಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಸನ್ನತಿಯನ್ನು ನೋಡಿ. ಅಲ್ಲಿ 1986ರಲ್ಲಿ ಕಾಳಿಕಾ ಗುಡಿಯ ಚಾವಣಿ ಕುಸಿದ ಮೇಲೆ, ದೇವಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಕಂಡಿತು. ಮೂರ್ತಿ ನಿಲ್ಲಿಸಲು ಕೊರೆದ ರಂಧ್ರದಲ್ಲಿ ಎಷ್ಟೋ ಅಕ್ಷರ ಹೋಗಿಬಿಟ್ಟಿದ್ದವು. ಕೊರೆದವರು ಭಕ್ತರೇ, ಓದಬಲ್ಲವರು ಮಾತ್ರ ಹತ್ತಿರ ಇರಲಿಲ್ಲ. ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಉಬ್ಬುಶಿಲ್ಪವೇ ಸಿಕ್ಕಿತು, ಬ್ರಾಹ್ಮಿಯಲ್ಲಿ ಬರೆದ ಅವನ ಹೆಸರಿನ ಸಮೇತ.

ಇಂಥ ಶಿಲ್ಪ ಕೈಗೆ ಬಂದಾಗ ಕ್ಯುರೇಟರ್ ಮೊದಲು ಅದಕ್ಕೊಂದು ಸಂಖ್ಯೆ ಕೊಟ್ಟು ದಾಖಲೆ ಪುಸ್ತಕಕ್ಕೆ ಏರಿಸುತ್ತಾರೆ. ಅಳತೆ, ಫೋಟೊ, ಸಿಕ್ಕ ಜಾಗ, ಬಿರುಕು, ಹಳೆಯ ದುರಸ್ತಿ ಎಲ್ಲವನ್ನೂ ಬರೆಯುತ್ತಾರೆ. ಅಕ್ಷರವಿದ್ದರೆ ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯಬೇಕು. ಕನಗನಹಳ್ಳಿಯ ಶಿಲ್ಪಗಳು ಸುಣ್ಣಕಲ್ಲಿನವು. ಪದರ ಏಳುವ ಆ ಕಲ್ಲಿನ ಗುಣ ಶಹಾಬಾದಿನ ಫರಸಿ ಗಣಿಯ ಮನೆಯ ಮಕ್ಕಳಿಗೆ ಗೊತ್ತು. ಕನ್ನಡ, ಉರ್ದು, ತೆಲುಗು ಕೇಳುತ್ತ ಬೆಳೆದವರು ಇವರು. ಬಹಮನಿ ಕಾಲದ ಗುಮ್ಮಟಗಳಲ್ಲೇ ಇರುವ ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯದಂಥ ಕಡೆ ಆ ಕಿವಿ ದೊಡ್ಡ ಬಂಡವಾಳ.

ಓದಲು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಕಲಾ ಇತಿಹಾಸವಿದೆ, ಧಾರವಾಡ ಮತ್ತು ಮೈಸೂರಿನಲ್ಲಿ ಪ್ರಾಚೀನ ಇತಿಹಾಸ-ಪುರಾತತ್ತ್ವ. ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯ 1952ರಿಂದ ವಸ್ತುಸಂಗ್ರಹಾಲಯ ಶಾಸ್ತ್ರ ಕಲಿಸುತ್ತಿದೆ. ಹುದ್ದೆಗಳು ಕಡಿಮೆ, ನೇಮಕಾತಿಗೆ ಕಾಯಬೇಕಾಗುತ್ತದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಗ್ಯಾಲರಿ, ಖಾಸಗಿ ಸಂಗ್ರಹ, ಸಂರಕ್ಷಣಾ ಪ್ರಯೋಗಾಲಯ, ಡಿಜಿಟಲ್ ದಾಖಲೀಕರಣಕ್ಕೂ ಇದೇ ತರಬೇತಿ ಬೇಕು.

ಸೇರಬೇಕೆನ್ನುವವರು ಅರ್ಜಿ ಹಾಕುವ ಮೊದಲೇ ಕಾಳಗಿಯ ಸೂರ್ಯನಾರಾಯಣ ಗುಡಿಯ ಒಂದೇ ಒಂದು ಕಂಬವನ್ನು ಅಳೆದು, ಬರೆದು, ಚಿತ್ರಿಸಿಟ್ಟುಕೊಳ್ಳಲಿ. ಸಂದರ್ಶನದಲ್ಲಿ ತೋರಿಸಲು ಅದಕ್ಕಿಂತ ಒಳ್ಳೆಯ ಪ್ರಮಾಣಪತ್ರ ನನಗೆ ಹೊಳೆಯುವುದಿಲ್ಲ.