ಮಾರ್ಕೆಟ್ಟಿನಿಂದ ಮಲ್ಪೆಗೆ ಒಂದು ವಾರ

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಪಕ್ಕದಿಂದ ಹೊರಡುವ ಮೈಸೂರು ರಸ್ತೆಯನ್ನು ಬಿಡದೆ ಹಿಡಿದು ಹೋದರೆ ಶ್ರೀರಂಗಪಟ್ಟಣ, ಮೈಸೂರು, ಹುಣಸೂರು, ಮಡಿಕೇರಿ, ಸುಳ್ಯ, ಪುತ್ತೂರು ದಾಟಿ ಬಂಟ್ವಾಳದ ಬಿ.ಸಿ. ರೋಡಿಗೆ ಬರುತ್ತೇವೆ. ಇಂದಿನ ಲೆಕ್ಕದಲ್ಲಿ ಅದು 275ನೇ ರಾಷ್ಟ್ರೀಯ ಹೆದ್ದಾರಿ. ಅಲ್ಲಿಂದ ಸಮುದ್ರ ಹೆಚ್ಚು ದೂರವಿಲ್ಲ. ಹಳೆಯ ಊರು, ಕಾಡು, ದ್ವೀಪ ಮೂರನ್ನೂ ಒಂದೇ ವಾರದಲ್ಲಿ ನೋಡಬೇಕೆಂದು ಹೊರಟವರು ಸಾಮಾನ್ಯವಾಗಿ ಶ್ರೀಲಂಕಾ, ಮಲೇಷ್ಯಾ ಅಥವಾ ಸೆರೆಂಗೆಟಿ ಮತ್ತು ಜಾಂಜಿಬಾರ್‌ಗಳ ಕಡೆ ನೋಡುತ್ತಾರೆ. ಬಸವನಗುಡಿ, ಚಾಮರಾಜಪೇಟೆಯವರಿಗೆ ಊರು, ಕಾಡು, ದ್ವೀಪ ಮೂರೂ ತಮ್ಮ ಮನೆಯ ಹತ್ತಿರದಲ್ಲೇ ಶುರುವಾಗುವ ಈ ಒಂದೇ ದಾರಿಯಲ್ಲಿ ಸಿಗುತ್ತವೆ. ದಾರಿ ಒಂದೇ ಆದ ಮಾತ್ರಕ್ಕೆ ಪ್ರವಾಸ ತಾನಾಗಿ ಕೂಡಿಬರುವುದಿಲ್ಲ, ನಿಜ. ನನಗೆ ಕಾಣುವಂತೆ ಇಂಥ ಪ್ರವಾಸಗಳು ಕೆಡುವುದು ಹಣ ಸಾಲದೆ ಅಲ್ಲ. ನಾವು ಎಲ್ಲ ಜಾಗಗಳಿಗೂ ಸಮಪಾಲು ದಿನ ಹಂಚಿಬಿಡುತ್ತೇವೆ, ತೊಡಕು ಅಲ್ಲಿಂದಲೇ ಶುರುವಾಗುತ್ತದೆ. ಗುಡಿ, ಅರಮನೆ, ಬಸದಿಗಳು ಹೋದಾಗ ಇದ್ದೇ ಇರುತ್ತವೆ. ಪ್ರಾಣಿ ಕಾಣಿಸಿಕೊಳ್ಳುವುದೂ ಕಡಲು ಶಾಂತವಾಗಿರುವುದೂ ನಮ್ಮ ಕೈಯಲ್ಲಿಲ್ಲ. ಆದ್ದರಿಂದ ಖಾತ್ರಿಯಿಲ್ಲದ ಎರಡಕ್ಕೆ ಎರಡೆರಡು ಅವಕಾಶ ಮೊದಲು ಎತ್ತಿಡಬೇಕು, ಉಳಿದ ಹೊತ್ತನ್ನು ಊರುಗಳಿಗೆ ಕೊಡಬೇಕು.

ಮೊದಲು ಕಾಲ ನೋಡೋಣ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ಬೋಟುಗಳು ಮಳೆಗಾಲ ಪೂರ್ತಿ ನಿಂತಿರುತ್ತವೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯಂತೂ 2018ರ ಆಗಸ್ಟ್‌ನ ಭೂಕುಸಿತದಲ್ಲಿ ಕಡಿದುಹೋಗಿ ಕೊಡಗಿಗೂ ಕರಾವಳಿಗೂ ನಡುವಿನ ಸಂಚಾರವನ್ನೇ ನಿಲ್ಲಿಸಿತ್ತು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಜನೆಯನ್ನು ಬಿಟ್ಟುಬಿಡುವುದೇ ಸರಿ. ಅಕ್ಟೋಬರ್ ಕಳೆದ ಮೇಲೆ ದಾರಿ ತೆರೆಯುತ್ತದೆ. ಜನವರಿ, ಫೆಬ್ರವರಿ ಹಿತ. ಮಕ್ಕಳಿಗೆ ರಜೆ ಸಿಗುವುದೇ ದಸರೆಗೆ ಮತ್ತು ಏಪ್ರಿಲ್, ಮೇ ತಿಂಗಳಲ್ಲಿ, ಜನವರಿಯಲ್ಲಿ ವಾರಗಟ್ಟಲೆ ಶಾಲೆ ತಪ್ಪಿಸುವುದು ಹೇಗೆ ಎಂದು ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಕೋಣೆ ಸಿಗುವುದು ಕಷ್ಟ, ಕಡಲು ಪೂರ್ತಿ ತಣ್ಣಗಾಗಿದೆ ಎನ್ನುವಂತೆಯೂ ಇಲ್ಲ. ಏಪ್ರಿಲ್ ಮೊದಲ ಭಾಗವನ್ನು ಮಾತ್ರ ಧೈರ್ಯವಾಗಿ ಆರಿಸಿಕೊಳ್ಳಬಹುದು. ಬಿಸಿಲು ಹೆಚ್ಚೇ, ಆದರೆ ಕಬಿನಿ ಹಿನ್ನೀರು ಇಳಿದು ದಂಡೆಯಲ್ಲಿ ಹಸಿರು ಹುಲ್ಲು ಏಳುವುದು ಆಗಲೇ. ಒಣಗಿದ ಕಾಡಿನೊಳಗಿಂದ ಆನೆಗಳು ಹಿಂಡುಹಿಂಡಾಗಿ ಆ ನೀರಿಗೂ ಹುಲ್ಲಿಗೂ ಬಂದು ಸೇರುವುದೂ ಆಗಲೇ.

ಯಾವ ವಾರ ಎಂಬಷ್ಟೇ ಮುಖ್ಯ, ವಾರದ ಯಾವ ದಿನ ಹೊರಡಬೇಕು ಎಂಬುದು. ಬೆಂಗಳೂರಿಗರು ರೂಢಿಯಂತೆ ಶುಕ್ರವಾರ ರಾತ್ರಿ ಹೊರಡುತ್ತಾರೆ, ಕಾಡಿಗೆ ಶನಿವಾರ ಮುಟ್ಟುತ್ತಾರೆ, ಅಲ್ಲಿ ಅರ್ಧ ಬೆಂಗಳೂರನ್ನೇ ಕಾಣುತ್ತಾರೆ. ಭಾನುವಾರ ಬೆಳಿಗ್ಗೆ ಹೊರಟರೆ ವಾರ ತಾನಾಗಿ ನೇರಾಗುತ್ತದೆ. ಕಾಡಿನ ದಿನಗಳು ಮಂಗಳವಾರ, ಬುಧವಾರಕ್ಕೆ ಬೀಳುತ್ತವೆ, ದ್ವೀಪ ಶುಕ್ರವಾರಕ್ಕೆ. ಮೈಸೂರು ಅರಮನೆಗೆ ಭಾನುವಾರದ ಸಂಜೆ ದೀಪ ಹಾಕುವುದರಿಂದ ಮೊದಲ ರಾತ್ರಿಯೇ ಅದೂ ಸಿಕ್ಕಿತು. ಮೈಸೂರಿನ ಮೃಗಾಲಯಕ್ಕೆ ಮಂಗಳವಾರ ರಜೆ, ನಾವು ಅಷ್ಟರಲ್ಲಿ ಊರು ಬಿಟ್ಟಿರುತ್ತೇವೆ.

ಪಾರಂಪರಿಕ ಊರುಗಳ ಸಾಲಿನಲ್ಲಿ ಮೊದಲನೆಯದು ಮಾರ್ಕೆಟ್ಟೇ. ಹೂವು, ತರಕಾರಿ ಕೊಳ್ಳುವ ಗಡಿಬಿಡಿಯಲ್ಲಿ ಮರೆತುಹೋಗುವ ಸಂಗತಿಯೆಂದರೆ, 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಮಾರುಕಟ್ಟೆ ಎದ್ದ ಜಾಗ ಅದಕ್ಕೆ ಮೊದಲು ಸಿದ್ದಿಕಟ್ಟೆ, ಕೋಟೆಗೂ ಪೇಟೆಗೂ ನಡುವಣ ಬಯಲು. ಮೂರನೇ ಮೈಸೂರು ಯುದ್ಧದಲ್ಲಿ, 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಇಲ್ಲಿನ ಕೋಟೆಯನ್ನು ಹಿಡಿಯಿತು. ಆ ಕೋಟೆಯಲ್ಲಿ ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಸುತ್ತಲಿನ ತುಣುಕು. ನಡೆದೇ ಹೋಗುವಷ್ಟು ಹತ್ತಿರದಲ್ಲಿ ಟಿಪ್ಪುವಿನ ಮರದ ಕಂಬಗಳ ಬೇಸಿಗೆ ಅರಮನೆ ಇದೆ, ಅದರ ಪಕ್ಕದಲ್ಲೇ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನವಿದೆ. ಬೆಂಗಳೂರನ್ನು ಗೆದ್ದ ಸೈನ್ಯ ಮುಂದೆ ಹೋದದ್ದು ಶ್ರೀರಂಗಪಟ್ಟಣದ ಕಡೆಗೇ. ಮುಂದಿನ ಯುದ್ಧದಲ್ಲಿ, 1799ರ ಮೇ 4ರಂದು ಆ ಕೋಟೆಯೂ ಬಿತ್ತು, ಟಿಪ್ಪು ಮಡಿದ. ಬೆಳಿಗ್ಗೆ ಇಲ್ಲಿ ಎರಡು ಗಂಟೆ ಕಳೆದು ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆ, ರಂಗನಾಥಸ್ವಾಮಿ ದೇವಾಲಯ, ಗುಂಬಜ್, ಗೋಡೆಗಳ ಮೇಲೆ ಯುದ್ಧದ ಚಿತ್ರ ಬರೆದಿರುವ ದರಿಯಾ ದೌಲತ್ ನೋಡಿದರೆ ಎರಡು ಊರುಗಳೂ ಸೇರಿ ಒಂದು ಕಥೆಯಾಗುತ್ತವೆ. ಅಂದಹಾಗೆ, ಶ್ರೀರಂಗಪಟ್ಟಣವೂ ದ್ವೀಪವೇ, ಕಾವೇರಿ ನಡುವಣದು.

ಸೋಮವಾರ ಪೂರ್ತಿ ಮೈಸೂರಿಗೆ. 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ಕ್ಕೆ ಮುಗಿದ ಅರಮನೆ, ದೇವರಾಜ ಮಾರುಕಟ್ಟೆ, ಆಸಕ್ತಿ ಇದ್ದವರಿಗೆ ಸೋಮನಾಥಪುರ. ಬೇಲೂರು, ಹಳೇಬೀಡುಗಳೊಡನೆ ಸೋಮನಾಥಪುರ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದೆ. ಹಂಪಿಯನ್ನೇಕೆ ಬಿಟ್ಟಿರಿ ಎಂದು ಕೇಳುವವರಿದ್ದಾರೆ. ಹಂಪಿ ಇರುವುದು ಉತ್ತರಕ್ಕೆ, ಮುನ್ನೂರು ಕಿಲೋಮೀಟರಿಗೂ ಆಚೆ. ಅದನ್ನು ಈ ವಾರಕ್ಕೆ ತುರುಕಿದರೆ ಎರಡು ಹಗಲು ಬಸ್ಸಿನ ಕಿಟಕಿಯಲ್ಲೇ ಕಳೆಯುತ್ತವೆ. ಅಷ್ಟು ದೊಡ್ಡ ಊರಿಗೆ ಅರ್ಧ ದಿನ ಕೊಡುವುದು ಅದಕ್ಕೂ ಅನ್ಯಾಯ.

ಕಾಡಿನ ಮಾತಿಗೆ ಹೆಚ್ಚು ಹೊತ್ತು ಬೇಕು. ಮಂಗಳವಾರ ಬೆಳಿಗ್ಗೆ ಮೈಸೂರು ಬಿಟ್ಟರೆ ಎಚ್.ಡಿ. ಕೋಟೆಯ ಮೇಲೆ ಕಬಿನಿ ಕಡೆಗೆ ಮಧ್ಯಾಹ್ನದೊಳಗೆ ತಲುಪಬಹುದು. ಅಂದು ಸಂಜೆಯ ಸಫಾರಿ ಒಂದು, ಮರುದಿನ ಬೆಳಗಿನದು ಇನ್ನೊಂದು. ಇದನ್ನೇ ನಾನು ಎರಡು ಅವಕಾಶ ಎಂದದ್ದು. ಒಂದೇ ಸಫಾರಿ ನಂಬಿ ಹೋಗಿ ಜಿಂಕೆ ಮಾತ್ರ ಕಂಡರೆ ಇಡೀ ಪ್ರವಾಸವೇ ದಂಡವಾಯಿತೆಂದು ಮುಖ ಸಣ್ಣದು ಮಾಡಿಕೊಳ್ಳುವವರು ಬಹಳ. ನಾಗರಹೊಳೆ 1955ರಿಂದ ರಕ್ಷಿತ, 1999ರಿಂದ ಹುಲಿ ಮೀಸಲು. ಬಂಡೀಪುರವಾದರೋ 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. 1974ರ ಹೊತ್ತಿಗೆ ಕಬಿನಿಗೆ ಅಣೆಕಟ್ಟು ಕಟ್ಟಿದ ಮೇಲೆ ಈ ಎರಡರ ನಡುವೆ ಹಿನ್ನೀರು ಬಂದು ನಿಂತಿತು. ಕಾಕನಕೋಟೆಯ ಕಾಡಿನಲ್ಲಿ ಒಂದು ಕಾಲಕ್ಕೆ ಖೆಡ್ಡಾ ಮಾಡಿ ಆನೆ ಹಿಡಿಯುತ್ತಿದ್ದರು. 1971ರ ಖೆಡ್ಡಾವೇ ಕೊನೆಯದು.

ಇಲ್ಲಿ ಬರುವ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು, ಸಫಾರಿಯೇ ತಪ್ಪು ಎಂಬುದು. 2025ರ ನವೆಂಬರ್‌ನಲ್ಲಿ ಕಾಡಂಚಿನ ರೈತರು ಹುಲಿ ದಾಳಿಗೆ ಬಲಿಯಾದ ಮೇಲೆ ಸರ್ಕಾರ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನೇ ನಿಲ್ಲಿಸಿತು. ವಾಹನಗಳ ಕಾಟಕ್ಕೆ ಹುಲಿಗಳು ಊರ ಕಡೆ ಬರುತ್ತಿವೆ ಎಂಬುದು ಹಳ್ಳಿಯವರ ದೂರು, ಸಿಬ್ಬಂದಿ ಸಫಾರಿಯ ಬದಲು ಕಾಡಂಚು ಕಾಯಲಿ ಎಂಬುದು ಅವರ ಬೇಡಿಕೆ. ಹುಲಿ ಹೊರಬರಲು ಸಫಾರಿಯೊಂದೇ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ಹುಲಿಗಳ ಸಂಖ್ಯೆ, ಮೇವಿನ ಕಾಡನ್ನು ನುಂಗಿದ ಲಾಂಟಾನ, ಕಾಡಿಗೆ ಅಂಟಿಕೊಂಡೇ ಇರುವ ಹೊಲಗಳು ಇವೂ ಲೆಕ್ಕಕ್ಕೆ ಬರಬೇಕು. ಹಾಗೆಂದು ಅವರ ದೂರನ್ನು ಪಟ್ಟಣದವರು ತಳ್ಳಿಹಾಕುವ ಹಾಗಿಲ್ಲ. ನಮಗೆ ಅದು ಎರಡು ಗಂಟೆಯ ನೋಟ, ಅವರಿಗೆ ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋಗಬೇಕೋ ಬೇಡವೋ ಎಂಬ ಪ್ರಶ್ನೆ. ಹಾಗಾಗಿ ಹೋಗುವವರು ಮೊದಲು ಅರಣ್ಯ ಇಲಾಖೆಯನ್ನು ವಿಚಾರಿಸಿ, ಯಾವ ಗೇಟಿನಲ್ಲಿ ಸಫಾರಿ ಇದೆ, ಎಷ್ಟು ಹೊತ್ತಿಗೆ ಎಂದು ತಿಳಿದುಕೊಳ್ಳಬೇಕು. ಇಲಾಖೆಯ ಸಫಾರಿ ಬಸ್ಸಿನಲ್ಲಿ ಹತ್ತಾರು ಜನ ಒಟ್ಟಿಗೆ ಹೋಗುವುದು ಒಂದೊಂದು ಕುಟುಂಬ ಒಂದೊಂದು ಜೀಪು ಹತ್ತುವುದಕ್ಕಿಂತ ಕಾಡಿಗೆ ಹಗುರ. ಹುಲಿ ತೋರಿಸಿ ಎಂದು ಚಾಲಕನನ್ನು ಪೀಡಿಸಬಾರದು. ನಿಲ್ಲಿಸಿದ್ದಾರೆ ಎಂದರೆ ಗೊಣಗದೆ ಆ ದಿನವನ್ನು ರಂಗನತಿಟ್ಟಿಗೆ ಕೊಡಬೇಕು. ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾದ ಆ ಕಾವೇರಿ ನಡುಗಡ್ಡೆಗಳಲ್ಲಿ ದೋಣಿಯ ಮೇಲೆ ಕೂತು ಕೊಕ್ಕರೆಗಳನ್ನೂ ಮೊಸಳೆಗಳನ್ನೂ ಹತ್ತಿರದಿಂದ ನೋಡಬಹುದು.

ಬುಧವಾರ ಬೆಳಗಿನ ಸಫಾರಿ ಮುಗಿಸಿ ಹುಣಸೂರಿನ ಮೇಲೆ ಮಡಿಕೇರಿಗೆ ಬಂದು ಉಳಿಯಿರಿ. ಗುರುವಾರ ಘಾಟಿ ಇಳಿದು ಬಿ.ಸಿ. ರೋಡಿನಿಂದ ಮೂಡುಬಿದಿರೆಗೆ. ಅಲ್ಲಿನ ಸಾವಿರ ಕಂಬದ ಬಸದಿ 1430ರದು. ಹದಿನೆಂಟು ಕಿಲೋಮೀಟರ್ ಆಚೆ ಕಾರ್ಕಳದಲ್ಲಿ ವೀರಪಾಂಡ್ಯ ಭೈರರಸ 1432ರಲ್ಲಿ ನಿಲ್ಲಿಸಿದ ಬಾಹುಬಲಿ, ಎದುರಿಗೆ 1586ರ ಚತುರ್ಮುಖ ಬಸದಿ. ಮೈಸೂರಿನ ವೈಭವ ನೋಡಿ ಬಂದ ಕಣ್ಣಿಗೆ ಈ ಎರಡು ಊರುಗಳ ಶಾಂತಿ ಬೇಕಾಗಿರುತ್ತದೆ. ಕಾಳುಮೆಣಸಿನ ವ್ಯಾಪಾರದಿಂದ ಬಂದ ಹಣ ಕಲ್ಲಾಗಿ ನಿಂತ ಊರುಗಳಿವು, ದಾರಿಯಲ್ಲಿ ಇಳಿದು ಹತ್ತು ನಿಮಿಷ ನೋಡಿ ಹೋಗುವವರು ಪೂರ್ತಿ ನೋಡಿದವರಲ್ಲ. ಸಂಜೆಗೆ ಉಡುಪಿ.

ಶುಕ್ರವಾರ ಬೆಳಗಿನ ಮೊದಲ ಬೋಟಿಗೇ ಮಲ್ಪೆಯಲ್ಲಿರಬೇಕು. ಗಾಳಿ ಜೋರಾಗಿ ಬೋಟು ಬಿಡದಿದ್ದರೆ ಶನಿವಾರ ಕೈಯಲ್ಲಿದೆ, ಬಿಟ್ಟರೆ ಶನಿವಾರ ಕೃಷ್ಣಮಠಕ್ಕೂ ಬಾರ್ಕೂರಿಗೂ ಉಳಿಯುತ್ತದೆ. ಇಷ್ಟು ಸಣ್ಣದನ್ನು ದ್ವೀಪವೆನ್ನುತ್ತೀರಾ, ಅಂಡಮಾನ್, ಲಕ್ಷದ್ವೀಪ ಇರುವಾಗ ಎನ್ನುವವರಿಗೆ ಉತ್ತರ ಆ ಕಲ್ಲುಗಳಲ್ಲೇ ಇದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿಯುತ್ತ ಕುಗ್ಗಿ, ಬಿರುಕುಬಿಟ್ಟು, ಐದಾರು ಮುಖದ ಕಂಬಗಳಾಗಿ ನಿಂತಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ ಜಾಗಗಳಲ್ಲಿ ಇದು ಒಂದು. ಅದೇ ಪಟ್ಟಿಯಲ್ಲಿ ಮಾರ್ಕೆಟ್ಟಿಗೆ ಹತ್ತಿರದ ಲಾಲ್‌ಬಾಗಿನ ಬಂಡೆಯೂ ಇದೆ, ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಲಕ್ಷದ್ವೀಪಕ್ಕೆ ಪರವಾನಗಿ ಬೇಕು, ಹಡಗೋ ವಿಮಾನವೋ ಹಿಡಿಯಬೇಕು. ಅಂಡಮಾನಿಗೇ ಒಂದು ವಾರ ಬೇಕು. ಹವಳದ ಮೀನು ನೋಡಲೇಬೇಕೆಂದಿರುವ, ಈಜು ಬಲ್ಲ ಹುಡುಗರು ಶನಿವಾರ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಸ್ಕೂಬಾ ಇಳಿಯಬಹುದು. ಮಲ್ಪೆಯ ದ್ವೀಪದಲ್ಲಿ ರಾತ್ರಿ ತಂಗುವಂತಿಲ್ಲ. ಪಾಚಿ ಕಟ್ಟಿದ ಆ ಕಲ್ಲುಗಂಬಗಳ ಅಂಚಿಗೆ ಫೋಟೊಗಾಗಿ ಹೋಗುವುದು ಪ್ರಾಣಕ್ಕೇ ಅಪಾಯ. ಕಾವಲಿನವರು ಬೇಡವೆಂದ ಕಡೆ ಮಕ್ಕಳನ್ನು ಬಿಡಬೇಡಿ.

ಇವೆಲ್ಲ ವಾರಾಂತ್ಯಕ್ಕೆ ಒಂದೊಂದಾಗಿ ಹೋಗಿಬರುವ ಜಾಗಗಳಲ್ಲವೇ ಎಂದರೆ, ಹೌದು. ಆದರೆ ಪ್ರತಿ ಸಲ ಬೆಂಗಳೂರಿನಿಂದ ಹೊರಟು ಬೆಂಗಳೂರಿಗೇ ಮರಳುವಾಗ ದಾರಿಯ ಖರ್ಚು ಎರಡು ಪಟ್ಟಾಗುತ್ತದೆ, ಘಾಟಿ ದಾಟುತ್ತ ಮಳೆ, ಮಣ್ಣು, ಮಾತು, ಮನೆಯ ಮಾಡು, ಅಡುಗೆ ಬದಲಾಗುವುದು ಗಮನಕ್ಕೇ ಬರುವುದಿಲ್ಲ. ಖರ್ಚಿನ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಮೈಸೂರು, ಅಲ್ಲಿಂದ ಎಚ್.ಡಿ. ಕೋಟೆ, ಮಡಿಕೇರಿ ಎಲ್ಲಕ್ಕೂ ಇಂಥ ಬಸ್ಸುಗಳಿವೆ. ಮೂಡುಬಿದಿರೆ, ಕಾರ್ಕಳ, ಉಡುಪಿಗಳ ನಡುವೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಕಾಸು ಕೊಡಬೇಕು. ವಯಸ್ಸಾದವರು ಜೊತೆಗಿದ್ದರೆ ಮೈಸೂರಿನಿಂದ ಕಬಿನಿಗೂ ಅಲ್ಲಿಂದ ಮಡಿಕೇರಿಗೂ ಬಾಡಿಗೆ ಕಾರು ಮಾಡಿಕೊಳ್ಳುವುದು ಮೇಲು, ಉಳಿದ ದಾರಿ ಬಸ್ಸಿನಲ್ಲೇ ಸಲೀಸು.

ಹಿಂದಿರುಗುವಾಗ ಮತ್ತೆ ಅದೇ ರಸ್ತೆ ಬೇಡ. ಕಾರವಾರದಿಂದ ಬರುವ ಪಂಚಗಂಗಾ ಎಕ್ಸ್‌ಪ್ರೆಸ್ಸನ್ನು ಶನಿವಾರ ರಾತ್ರಿ ಉಡುಪಿಯಲ್ಲಿ ಹತ್ತಿದರೆ ಸುಬ್ರಹ್ಮಣ್ಯ, ಸಕಲೇಶಪುರದ ಘಾಟಿಯನ್ನು ನಿದ್ದೆಯಲ್ಲೇ ದಾಟಿ ಭಾನುವಾರ ಬೆಳಿಗ್ಗೆ ಬೆಂಗಳೂರಿನಲ್ಲಿರುತ್ತೀರಿ. ರೈಲ್ವೆಯವರು ಈಗ 60 ದಿನ ಮೊದಲಷ್ಟೇ ಮುಂಗಡ ಟಿಕೆಟ್ ಕೊಡುತ್ತಾರೆ, ಈ ಗಾಡಿ ಬೇಗ ಭರ್ತಿಯಾಗುತ್ತದೆ. ಆದ್ದರಿಂದ ಯೋಜನೆ ಶುರುವಾಗಬೇಕಾದದ್ದು ಕೊನೆಯ ದಿನದಿಂದ. ಮೊದಲು ಆ ರೈಲಿನ ಟಿಕೆಟ್, ಆಮೇಲೆ ಕಬಿನಿಯ ಕೋಣೆ ಮತ್ತು ಸಫಾರಿ, ಆಮೇಲೆ ಮಡಿಕೇರಿ, ಉಡುಪಿಗಳ ವಸತಿ. ಮೈಸೂರಿನ ಕೋಣೆಯನ್ನು ಹೊರಡುವ ವಾರ ಗೊತ್ತುಮಾಡಿದರೂ ಸಾಕು, ದಸರೆಯಲ್ಲದಿದ್ದರೆ.