ಗೀರಿಗೆ ಬೇಕಾದಷ್ಟು ಜಾಗ

ಇಂಗ್ಲೆಂಡಿನ ಗಿಟಾರ್ ವಾದಕ ಜೆಫ್ ಬೆಕ್ 1975ರಲ್ಲಿ ಹೊರತಂದ ‘ಬ್ಲೋ ಬೈ ಬ್ಲೋ’ ಜಾಜ್-ಫ್ಯೂಷನ್ ಸಂಗೀತದ ದೊಡ್ಡ ಮೈಲಿಗಲ್ಲು. ಹಾಡುಗಾರನೇ ಇಲ್ಲದ ಈ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೇರಿತು. ನಿರ್ಮಾಪಕರು ಬೀಟಲ್ಸ್ ಖ್ಯಾತಿಯ ಜಾರ್ಜ್ ಮಾರ್ಟಿನ್. ಧ್ವನಿಮುದ್ರಣವಾದದ್ದು ಲಂಡನ್ನಿನ ಏರ್ ಸ್ಟುಡಿಯೊದಲ್ಲಿ. ಇದರ ಕೊನೆಯ ಕೃತಿ ‘ಡೈಮಂಡ್ ಡಸ್ಟ್’ ಸುಮಾರು ಎಂಟೂವರೆ ನಿಮಿಷದ್ದು. ಬೆಕ್ ಅವರ ಗಿಟಾರಿನ ಸುತ್ತ ಮಾರ್ಟಿನ್ ಹೆಣೆದ ತಂತಿವಾದ್ಯಗಳ ವೃಂದ ಅಲ್ಲಿ ಮೆಲ್ಲಗೆ ಹಬ್ಬಿಕೊಳ್ಳುತ್ತದೆ. ಇಷ್ಟು ನವಿರಾದ ಈ ಕೃತಿಗೆ ಮೂಲ ಎಲ್‌ಪಿಯಲ್ಲಿ ಸಿಕ್ಕಿದ್ದು ತಟ್ಟೆಯ ಅತ್ಯಂತ ಇಕ್ಕಟ್ಟಿನ ಜಾಗ, ಎರಡನೇ ಮುಖದ ಒಳ ಅಂಚು.

ಧ್ವನಿಯ ಗುಣಮಟ್ಟದಲ್ಲಿ ರಾಜಿಯಾಗದ ಕೇಳುಗರಿಗಾಗಿ, ಅಂದರೆ ಆಡಿಯೊಫೈಲ್‌ಗಳಿಗಾಗಿ, ಅಮೆರಿಕದ ಅನಲಾಗ್ ಪ್ರೊಡಕ್ಷನ್ಸ್ ಸಂಸ್ಥೆ ಈ ಆಲ್ಬಂ ಅನ್ನು ಮತ್ತೆ ಅಚ್ಚು ಹಾಕಿತು. ಆಗ ಒಂದು ತಟ್ಟೆಯ ಸಂಗೀತವನ್ನು ಎರಡು ತಟ್ಟೆಗಳಿಗೆ ಹಂಚಿ, ತಿರುಗುವ ವೇಗವನ್ನು ನಿಮಿಷಕ್ಕೆ 33⅓ ಸುತ್ತಿನಿಂದ 45ಕ್ಕೆ ಏರಿಸಿತು. ಕೇಳುವವರು ಹತ್ತು-ಹನ್ನೆರಡು ನಿಮಿಷಕ್ಕೊಮ್ಮೆ ಎದ್ದು ತಟ್ಟೆ ಮಗುಚಬೇಕು, ಬೆಲೆಯೂ ಹೆಚ್ಚು. ಇದರಿಂದ ಕಿವಿಗೆ ದಕ್ಕುವುದೇನು? ಉತ್ತರ ಇರುವುದು ರೇಖಾಗಣಿತದಲ್ಲಿ.

ಕಣದಲ್ಲಿ ಮೇಟಿಗೆ ಕಟ್ಟಿ ತುಳಿಸುವ ಎತ್ತುಗಳ ಸಾಲನ್ನು ನೆನೆಯಿರಿ. ಒಂದು ಸುತ್ತಿಗೆ ಎಲ್ಲಕ್ಕೂ ಹಿಡಿಯುವ ಸಮಯ ಒಂದೇ. ಆದರೆ ಹೊರಗಿನ ಎತ್ತು ಬಿರಬಿರನೆ ಹೆಜ್ಜೆ ಹಾಕಬೇಕು, ಮೇಟಿಯ ಬದಿಯದು ನಿಧಾನವಾಗಿ ನಡೆದರೂ ಸಾಕು. ತಟ್ಟೆಯ ಮೇಲೆ ಸಂಗೀತವನ್ನು ಹೊತ್ತು ಸುರುಳಿಯಾಗಿ ಸಾಗುವ ಗೀರಿನ ಕತೆಯೂ ಇದೇ. ಸಾಮಾನ್ಯ ಎಲ್‌ಪಿಯ ಹೊರ ಅಂಚಿನಲ್ಲಿ, ಅಂದರೆ ನಡುಬಿಂದುವಿನಿಂದ 146 ಮಿ.ಮೀ. ದೂರದಲ್ಲಿ, ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗೀರು ಹಾದುಹೋಗುತ್ತದೆ. 60 ಮಿ.ಮೀ. ದೂರದ ಒಳ ಅಂಚಿಗೆ ಬರುವ ಹೊತ್ತಿಗೆ ಅದು 21 ಸೆಂ.ಮೀ.ಗೆ ಇಳಿದಿರುತ್ತದೆ. ಅಷ್ಟೇ ಸಮಯದ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುಡಿಕೊಳ್ಳಬೇಕು.

ಸೆಕೆಂಡಿಗೆ 10,000 ಸಲ ಕಂಪಿಸುವ ಸ್ವರಾಂಶವನ್ನು ತೆಗೆದುಕೊಳ್ಳೋಣ. ಸಿಂಬಲ್‌ನ ಝಣಕಾರ, ವಯಲಿನ್ ಕಮಾನಿನ ಮಿನುಗು ಇರುವುದು ಇಂಥ ಎತ್ತರದಲ್ಲೇ. ಹೊರ ಅಂಚಿನಲ್ಲಿ ಅದರ ಒಂದು ಅಲೆಯ ಉದ್ದ 51 ಮೈಕ್ರಾನ್, ಒಳ ಅಂಚಿನಲ್ಲಿ 21 ಮೈಕ್ರಾನ್ ಮಾತ್ರ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಗೀರನ್ನು ಕೊರೆಯುವ ಉಳಿಗೆ ಹರಿತವಾದ ಅಂಚಿದೆ, ಅದು ಈ ಪುಟ್ಟ ಅಲೆಯನ್ನೂ ಸ್ವಚ್ಛವಾಗಿ ಕೆತ್ತುತ್ತದೆ. ಅದನ್ನು ಓದುವ ವಜ್ರದ ಮುಳ್ಳು ಹಾಗಿದ್ದರೆ ಗೀರನ್ನೇ ಕೆರೆದುಹಾಕೀತು. ಆದ್ದರಿಂದ ಅದರ ತುದಿ ದುಂಡಗಿರುತ್ತದೆ. ಸಾಧಾರಣ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್. 21 ಮೈಕ್ರಾನಿನ ಅಲೆಯ ತಗ್ಗಿನೊಳಗೆ ಅಷ್ಟು ದಪ್ಪನೆಯ ತುದಿ ಸರಿಯಾಗಿ ಇಳಿಯುವುದಿಲ್ಲ. ಅದು ಉಳಿಯ ದಾರಿ ಬಿಟ್ಟು ತನ್ನದೇ ದಾರಿ ಹಿಡಿಯುತ್ತದೆ, ಮೂಲದಲ್ಲಿ ಇಲ್ಲದ ಕಂಪನಗಳು ಹುಟ್ಟುತ್ತವೆ. ವಯಲಿನ್‌ಗಳು ಕರಕರ ಎನ್ನತೊಡಗುತ್ತವೆ. ಅಂಡಾಕಾರದ ತುದಿಯ ಬದಿ ಸುಮಾರು 8 ಮೈಕ್ರಾನಿನಷ್ಟು ತೆಳ್ಳಗಿರುವುದರಿಂದ ತೊಂದರೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಈಗ ಮರುಮುದ್ರಣದ ಲೆಕ್ಕ ನೋಡೋಣ. ಮೂಲ ಎಲ್‌ಪಿಯ ಒಂದು ಮುಖದಲ್ಲಿ ಸುಮಾರು 22 ನಿಮಿಷದ ಸಂಗೀತವಿದೆ. 60 ಮಿ.ಮೀ.ವರೆಗಿನ ಜಾಗವನ್ನೆಲ್ಲ ಬಳಸಿಕೊಂಡರೆ ಗೀರು 733 ಸುತ್ತು ಬರಬೇಕು. ನಾಲ್ಕು ಮುಖಗಳಿಗೆ ಹಂಚಿದರೆ ಒಂದೊಂದಕ್ಕೆ ಸರಾಸರಿ 11 ನಿಮಿಷ. ವೇಗ 45 ಆದರೂ 495 ಸುತ್ತು ಸಾಕು. ಗೀರುಗಳ ನಡುವೆ ಮೊದಲಿನಷ್ಟೇ ಅಂತರ ಬಿಟ್ಟರೆ ಸಂಗೀತ 88 ಮಿ.ಮೀ.ಯಲ್ಲೇ ಮುಗಿಯುತ್ತದೆ. ಅಲ್ಲಿ ಗೀರಿನ ವೇಗ ಸೆಕೆಂಡಿಗೆ ಸುಮಾರು 41 ಸೆಂ.ಮೀ. ಅಂದರೆ ಕೊನೆಯ ಸ್ವರಕ್ಕೂ ಮೊದಲಿಗಿಂತ ಹತ್ತಿರಹತ್ತಿರ ಎರಡು ಪಟ್ಟು ಜಾಗ. ಆಡಿಯೊಫೈಲ್ ತಟ್ಟೆಯ ನಿಜವಾದ ಬಂಡವಾಳ ಇದು.

ಉಳಿದ ಜಾಗ ಮಂದ್ರ ಸ್ವರಗಳಿಗೂ ಒದಗುತ್ತದೆ. ಬೇಸ್ ಗಿಟಾರಿನ ಆಳದ ಸ್ವರ ಗೀರನ್ನು ಅಕ್ಕಪಕ್ಕಕ್ಕೆ ಅಗಲವಾಗಿ ತೂಗಿಸುತ್ತದೆ; ಪಕ್ಕದ ಸುತ್ತು ತೀರಾ ಹತ್ತಿರವಿದ್ದರೆ ಎರಡೂ ಒಂದಕ್ಕೊಂದು ತಾಗುತ್ತವೆ. ಇದಕ್ಕೆಂದೇ ಕೊರೆಯುವಾಗ ಮಂದ್ರವನ್ನು ತಗ್ಗಿಸಿ, ನುಡಿಸುವಾಗ ಆಂಪ್ಲಿಫೈಯರ್‌ನಲ್ಲಿ ಅಷ್ಟೇ ಎತ್ತುವ ಪದ್ಧತಿ 1950ರ ದಶಕದಲ್ಲಿ ಏಕರೂಪದ ಮಾನದಂಡವಾಯಿತು. ಹಾಗೆ ತಗ್ಗಿಸಿದ ಮೇಲೂ ಉದ್ದನೆಯ ಮುಖಗಳಲ್ಲಿ ಎಂಜಿನಿಯರ್ ಒಟ್ಟು ಧ್ವನಿಮಟ್ಟವನ್ನೇ ಇಳಿಸಬೇಕಾಗುತ್ತದೆ. ಆಗ ತಟ್ಟೆಯ ಸಹಜ ಸರಸರ ಸದ್ದು ಸಂಗೀತದ ಹತ್ತಿರಕ್ಕೆ ಬರುತ್ತದೆ. ಚಿಕ್ಕ ಮುಖದಲ್ಲಿ ಈ ರಾಜಿ ಬೇಕಿಲ್ಲ.

ಜಾಹೀರಾತುಗಳು ಮೊದಲು ಹೇಳುವುದು ತಟ್ಟೆಯ ತೂಕವನ್ನು: 180 ಗ್ರಾಂ, 200 ಗ್ರಾಂ. ದಪ್ಪ ತಟ್ಟೆ ಸುಲಭಕ್ಕೆ ಬಾಗುವುದಿಲ್ಲ ನಿಜ, ಆದರೆ ತೂಕ ಹೆಚ್ಚಿದ ಮಾತ್ರಕ್ಕೆ ಗೀರಿನ ಆಕಾರ ಬದಲಾಗದು. ಅದನ್ನು ನಿರ್ಧರಿಸುವುದು ಹಿಂದಿನ ಹಂತಗಳು. ಮೂಲ ಟೇಪಿನಿಂದ ಮೆರುಗೆಣ್ಣೆ ಲೇಪಿಸಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಗೀರು ಕೊರೆಯುತ್ತಾರೆ. ಅದಕ್ಕೆ ಬೆಳ್ಳಿ ಲೇಪಿಸಿ, ನಿಕ್ಕಲ್ ಬೆಳೆಸಿ, ಅಚ್ಚು ಎತ್ತುತ್ತಾರೆ. ಬಿಸಿ ಪ್ಲಾಸ್ಟಿಕ್ಕನ್ನು ಆ ಅಚ್ಚುಗಳ ನಡುವೆ ಒತ್ತಿದಾಗ ತಟ್ಟೆ ಸಿದ್ಧ. ಒಂದು ಹಂತದಲ್ಲಿ ಕಳೆದುಹೋದ ವಿವರವನ್ನು ಮುಂದಿನ ಹಂತ ತಂದುಕೊಡಲಾರದು. ಹಾಗಾಗಿ ಕೊಳ್ಳುವ ಮುನ್ನ ಯಾವ ಟೇಪಿನಿಂದ, ಯಾರು ಕೊರೆದರು, ಮುಖಕ್ಕೆ ಎಷ್ಟು ನಿಮಿಷ ಎಂದು ಕೇಳುವುದು ತೂಕ ಕೇಳುವುದಕ್ಕಿಂತ ಜಾಣತನ.

ಇನ್ನೊಂದು ಹೊಣೆ ಕೇಳುಗರದು. ಕೊರೆಯುವ ಉಳಿ ತಟ್ಟೆಯ ಮೇಲೆ ನೇರವಾಗಿ ಒಳಕ್ಕೆ ಸರಿಯುತ್ತದೆ, ಮನೆಯ ಟರ್ನ್‌ಟೇಬಲ್‌ನ ತೋಳು ಕಮಾನಿನಂತೆ ಬಾಗಿ ಸಾಗುತ್ತದೆ. ಎರಡರ ಕೋನ ತಾಳೆಯಾಗುವುದು ಎರಡೇ ಬಿಂದುಗಳಲ್ಲಿ. ಬಹುವಾಗಿ ಬಳಕೆಯಲ್ಲಿರುವ ಒಂದು ಲೆಕ್ಕದಲ್ಲಿ ಅವು ನಡುವಿನಿಂದ ಸುಮಾರು 66 ಮತ್ತು 121 ಮಿ.ಮೀ. ದೂರದಲ್ಲಿವೆ. ಮುಳ್ಳು ಅಲ್ಲಿ ಸರಿಯಾಗಿ ಕೂರದಿದ್ದರೆ ಎಷ್ಟೇ ದುಬಾರಿ ತಟ್ಟೆಯೂ ಒರಟಾಗಿಯೇ ಕೇಳಿಸುತ್ತದೆ. ಸರಿಪಡಿಸಲು ಬೇಕಾದದ್ದು ಕಾಗದದ ಮೇಲೆ ಅಚ್ಚಾದ ಒಂದು ಕೋನಮಾಪಕ, ಒಳ್ಳೆಯ ಬೆಳಕು ಮತ್ತು ಕೊಂಚ ತಾಳ್ಮೆ.